ಉಳಿ ಮುಟ್ಟದ ಡ್ರ್ಯಾಗನ್

ಪ್ರಶ್ನೆ: ನಮ್ಮ ಅಕ್ಕನ ಮಗ ಚೀನಾದಲ್ಲಿ ಕೆಲಸಕ್ಕಿದ್ದಾನೆ. ಈ ಸಲ ಬರುವಾಗ ಕಡುಹಸಿರು ಕಲ್ಲಿನ ಒಂದು ಡ್ರ್ಯಾಗನ್ ತಂದುಕೊಟ್ಟ. ಅಂಗೈಯಷ್ಟಿದೆ. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದೆ. ಕಾಲಿಲ್ಲ, ರೆಕ್ಕೆಯಿಲ್ಲ, ಮೂತಿ ನೋಡಿದರೆ ಹಂದಿಯ ಹಾಗಿದೆ. ಬೆನ್ನಿನಲ್ಲಿ ಒಂದು ತೂತು. ಅಂಗಡಿಯವರು ‘ಜೇಡ್ ಕಲ್ಲು, ಐದು ಸಾವಿರ ವರ್ಷ ಹಿಂದಿನದು’ ಎಂದರಂತೆ. ಇದು ಡ್ರ್ಯಾಗನ್ ಹೇಗಾಯಿತು? ಕಬ್ಬಿಣವೇ ಇಲ್ಲದ ಕಾಲದಲ್ಲಿ ಇಷ್ಟು ಗಟ್ಟಿ ಕಲ್ಲನ್ನು ಹೇಗೆ ಕೆತ್ತಿದರು? ನಮ್ಮ ಹತ್ತಿರ ಇರುವುದು ನಿಜವಾಗಿಯೂ ಹಳೆಯದಿರಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಮನಸ್ಸನ್ನು ಕೊರೆಯುತ್ತಿರುವುದು ಅದೇ ಅಲ್ವಾ? ಇಲ್ಲ, ನಿಮ್ಮದು ಹಳೆಯದಲ್ಲ. ನಕಲು. ಬೇಸರ ಬೇಡ, ಬಹಳ ಒಳ್ಳೆಯ ವಸ್ತುವಿನ ನಕಲು. ನಿಜವಾಗಿ ಐದು ಸಾವಿರ ವರ್ಷದ್ದೇ ಆಗಿದ್ದರೆ ನಿಮ್ಮ ಹುಡುಗ ವಿಮಾನ ನಿಲ್ದಾಣದಲ್ಲಿ ತೊಂದರೆಗೆ ಸಿಕ್ಕಿಬೀಳುತ್ತಿದ್ದ. 1911ಕ್ಕಿಂತ ಹಿಂದಿನ ಪುರಾತನ ವಸ್ತುಗಳನ್ನು ಚೀನಾ ದೇಶದಿಂದ ಹೊರಗೆ ಒಯ್ಯಲು ಬಿಡುವುದಿಲ್ಲ.

ನಿಮ್ಮ ಕೈಯಲ್ಲಿರುವುದರ ಮೂಲ ಬೀಜಿಂಗಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಅದು ಅಂಗೈಯಷ್ಟಲ್ಲ, 26 ಸೆಂಟಿಮೀಟರ್ ಎತ್ತರ. ಸಿಕ್ಕಿದ್ದು 1971ರಲ್ಲಿ, ಒಳ ಮಂಗೋಲಿಯಾದ ಚಿಫೆಂಗ್ ಪ್ರದೇಶದ ಸಾನ್‌ಶಿಂಗ್‌ತಾಲಾ ಎಂಬ ಹಳ್ಳಿಯಲ್ಲಿ. ಒಬ್ಬ ರೈತ ನೆಲ ಅಗೆಯುವಾಗ ಕೊಕ್ಕೆಯಂಥ ಏನೋ ಸಿಕ್ಕಿತು. ಮಣ್ಣು ಮೆತ್ತಿಕೊಂಡಿತ್ತು, ಹಳೇ ಕಬ್ಬಿಣ ಇರಬೇಕು ಅಂದುಕೊಂಡ. ಮನೆಯ ಚಿಕ್ಕ ಹುಡುಗ ಅದಕ್ಕೆ ದಾರ ಕಟ್ಟಿ ಬೀದಿಯಲ್ಲಿ ಎಳೆದಾಡಿದನಂತೆ. ಹಾಗೆ ಎಳೆದು ಎಳೆದು ಮಣ್ಣು ಉದುರಿ, ಒಳಗಿನ ಹಸಿರು ಹೊಳೆಯಿತು ಎನ್ನುವುದು ಅಲ್ಲಿ ಎಲ್ಲರೂ ಹೇಳುವ ಕತೆ. ಸ್ಥಳೀಯ ಸಾಂಸ್ಕೃತಿಕ ಕೇಂದ್ರ 30 ಯುವಾನ್ ಕೊಟ್ಟು ಕೊಂಡು ಪೆಟ್ಟಿಗೆಯಲ್ಲಿಟ್ಟಿತು. ಏನು ಎಂದು ಗೊತ್ತಾಗದೆ ಹತ್ತು ವರ್ಷಕ್ಕೂ ಜಾಸ್ತಿ ಅದು ಅಲ್ಲೇ ಬಿದ್ದಿತ್ತು.

ಗೊತ್ತಾಗಿದ್ದು 1984ರ ನಂತರ. ಆ ವರ್ಷ ಪಕ್ಕದ ಲಿಯಾವೊನಿಂಗ್ ಪ್ರಾಂತ್ಯದ ನಿಯುಹೆಲಿಯಾಂಗ್‌ನಲ್ಲಿ ಒಂದು ಕಲ್ಲುಗೋರಿ ತೆರೆದರು. ಒಳಗೆ ಮಡಕೆ ಇಲ್ಲ, ಕುಡಿಕೆ ಇಲ್ಲ. ಇದ್ದದ್ದು ಜೇಡ್ ಮಾತ್ರ. ತಲೆಯ ಕೆಳಗೆ ಕೊಳವೆಯಂಥ ಒಂದು ತುಂಡು, ಎದೆಯ ಮೇಲೆ ಸುರುಳಿಕೊಂಡ ಎರಡು ಪುಟ್ಟ ಪ್ರಾಣಿಗಳು, ಬೆನ್ನಿಗೆ ಬೆನ್ನು ಕೊಟ್ಟು. ಒಂದು ತಿಳಿ ಹಸಿರು, ಇನ್ನೊಂದು ಬಿಳಿ. ದಪ್ಪ ತಲೆ, ಎದ್ದು ನಿಂತ ಕಿವಿ, ದುಂಡು ಕಣ್ಣು, ಮೂಗಿನ ಮೇಲೆ ಸುಕ್ಕು. ಸತ್ತವನ ಎದೆಯ ಮೇಲೆ, ಅವನನ್ನು ಮಣ್ಣು ಮಾಡಿದ ದಿನ ಇಟ್ಟ ಜಾಗದಲ್ಲೇ ಸಿಕ್ಕಿದ್ದರಿಂದ ಕಾಲದ ಬಗ್ಗೆ ತಕರಾರೇ ಉಳಿಯಲಿಲ್ಲ. ಇದು ಹಾಂಗ್‌ಶಾನ್ ಸಂಸ್ಕೃತಿ. ಕ್ರಿ.ಪೂ. 4500ರಿಂದ 3000ದ ಆಸುಪಾಸು ಲಿಯಾವೊ ನದಿಯ ಬಯಲಿನಲ್ಲಿ ಬಾಳಿದ ಜನ. ಆಗ ಪೆಟ್ಟಿಗೆಯಲ್ಲಿದ್ದ 30 ಯುವಾನಿನ ಕೊಕ್ಕೆ ನೆನಪಾಯಿತು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಿಮ್ಮ ಸಿ ಆಕಾರದ್ದರ ಮೂಲ ಗೋರಿಯಲ್ಲಿ, ಉತ್ಖನನದಲ್ಲಿ ಸಿಕ್ಕಿದ್ದಲ್ಲ, ಹೊಲದಲ್ಲಿ ಸಿಕ್ಕಿದ್ದು. ಅದರ ವಯಸ್ಸು ಹೇಳುವುದು ಹೋಲಿಕೆಯ ಮೇಲೆ. ಹಾಗಾಗಿ ಅದರ ಕಾಲದ ಬಗ್ಗೆ ವಾದ ಮಾಡುವವರು ಈಗಲೂ ಇದ್ದಾರೆ. ಗೋರಿಗಳಲ್ಲಿ ಸಿಕ್ಕ ದುಂಡು ಮರಿಗಳ ಬಗ್ಗೆ ಆ ಜಗಳ ಇಲ್ಲ. ಚೀನಾದಲ್ಲಿ ಅವನ್ನು ‘ಯು ಝು ಲಾಂಗ್’ ಎನ್ನುತ್ತಾರೆ. ಯು ಅಂದರೆ ಜೇಡ್, ಝು ಅಂದರೆ ಹಂದಿ, ಲಾಂಗ್ ಅಂದರೆ ಡ್ರ್ಯಾಗನ್. ನಿಮಗೆ ಹಂದಿಯ ಮೂತಿ ಕಂಡಿದ್ದು ತಪ್ಪಲ್ಲ ನೋಡಿ, ಅಲ್ಲಿಯ ಪಂಡಿತರಿಗೂ ಹಾಗೆಯೇ ಕಂಡಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಹೇಗೆ ಕೆತ್ತಿದರು ಅಂತ. ಕೆತ್ತಲಿಲ್ಲ. ತೇಯ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಕಲ್ಲು, ಖನಿಜದ ಕೆಲಸದಿಂದ ಈ ಕಡೆ ಬಂದವನು. ನನ್ನ ಮಟ್ಟಿಗೆ ಇಡೀ ವಿಷಯದ ಬೇರು ಇರುವುದು ಇಲ್ಲೇ. ನಮ್ಮ ಬೇಲೂರು, ಹಳೇಬೀಡಿನ ಕಲ್ಲು ಬಳಪದ ಕಲ್ಲಿನ ಜಾತಿ. ಅಗೆದು ತೆಗೆದಾಗ ಮೆತ್ತಗಿರುತ್ತದೆ, ಉಳಿಗೆ ಒಲಿಯುತ್ತದೆ. ಜೇಡ್ ಹಾಗಲ್ಲ. ಹಳೆಯ ಚೀನಾದ ಜೇಡ್ ಅಂದರೆ ನೆಫ್ರೈಟ್. (ಈಗ ಒಡವೆ ಅಂಗಡಿಯಲ್ಲಿ ಕಾಣುವ ಗಿಳಿಹಸಿರು ಬರ್ಮಾ ಜೇಡ್ ಬೇರೆಯೇ ಖನಿಜ, ಜೇಡೈಟ್. ಅದು ಚೀನಾಕ್ಕೆ ಹೇರಳವಾಗಿ ಬಂದದ್ದು 18ನೇ ಶತಮಾನದಲ್ಲಿ. ನಮ್ಮ ಪಚ್ಚೆಗೂ ಇವೆರಡಕ್ಕೂ ಸಂಬಂಧವೇ ಇಲ್ಲ.) ನೆಫ್ರೈಟ್‌ನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ನಾರುಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ, ಒತ್ತಿ ಮಾಡಿದ ಕುರಿ ಉಣ್ಣೆಯ ಹಾಗೆ. ಉಳಿ ಇಟ್ಟು ಹೊಡೆದರೆ ಸೀಳುವುದಿಲ್ಲ. ಉಳಿಯೇ ಪುಟಿಯುತ್ತದೆ.

ಆದರೆ ಅದಕ್ಕೂ ಒಂದು ದೌರ್ಬಲ್ಯ ಇದೆ. ಖನಿಜಗಳ ಗಡಸುತನ ಅಳೆಯುವ ಮೋಹ್ಸ್ ಮಾಪಕದಲ್ಲಿ ನೆಫ್ರೈಟ್ 6ರಿಂದ 6.5. ಹೊಳೆಯ ಮರಳಿನಲ್ಲಿರುವ ಬೆಣಚು 7. ಅಷ್ಟು ಸಾಕು. ಚೂಪು ಆಯುಧ ಮಾಡಲಾಗದ್ದನ್ನು ಒದ್ದೆ ಮರಳು ಮಾಡುತ್ತದೆ, ನಿಧಾನಕ್ಕೆ. ಹಳೇ ಬಾವಿಯ ಕಟ್ಟೆ ನೋಡಿದ್ದೀರಲ್ಲ? ಹಗ್ಗ ಹೋಗಿ ಬಂದು ಕಲ್ಲಿನಲ್ಲಿ ಬೆರಳು ಇಡುವಷ್ಟು ಆಳದ ಗೆರೆ ಬಿದ್ದಿರುತ್ತದೆ. ಕಲ್ಲನ್ನು ಕೊಯ್ದದ್ದು ಹಗ್ಗವಲ್ಲ, ಹಗ್ಗಕ್ಕೆ ಅಂಟಿದ ದೂಳು, ಮರಳು. ಹಾಂಗ್‌ಶಾನ್ ಜನ ಇದನ್ನೇ ಬೇಕೆಂದು ಮಾಡಿದರು. ನಾರಿನ ದಾರಕ್ಕೆ ಒದ್ದೆ ಮರಳು ಹಚ್ಚಿ ಹಿಂದೆ ಮುಂದೆ ಎಳೆದು ಕಲ್ಲು ಕೊಯ್ದರು. ಕೊರೆಯುವ ಕಡ್ಡಿಯ ತುದಿಗೆ ಮರಳು ಹಾಕಿ ತಿರುಗಿಸಿ ತೂತು ಕೊರೆದರು. ಒರಟು ಕಲ್ಲಿನ ಮೇಲೆ ಗಂಧ ತೇಯ್ದ ಹಾಗೆ ತೇಯ್ದು ಮೈ ನುಣುಪು ಮಾಡಿದರು. ಒಂದು ದಿನದ ಕೆಲಸಕ್ಕೆ ಕೈಗೆ ಸಿಗುತ್ತಿದ್ದದ್ದು ಒಂದಿಷ್ಟು ಬಿಳಿ ಕೆಸರು.

ಈಗ ಡ್ರ್ಯಾಗನ್ ಯಾಕೆ ಸುರುಳಿಕೊಂಡಿದೆ ಎಂದು ಯೋಚಿಸಿ. ತಾಯಿಯ ಹೊಟ್ಟೆಯಲ್ಲಿರುವ ಮರಿ ಎನ್ನುವವರಿದ್ದಾರೆ. ಮಣ್ಣಿನೊಳಗಿನ ಹುಳು ಎನ್ನುವವರೂ ಇದ್ದಾರೆ. ಇರಲಿ. ನಾನು ಕಲ್ಲಿನ ಕಡೆಯಿಂದ ನೋಡುತ್ತೇನೆ. ಹಾಂಗ್‌ಶಾನ್‌ಗಿಂತ ಮುಂಚೆ, ಇಂದಿಗೆ ಸುಮಾರು 8000 ವರ್ಷದ ಹಿಂದೆ, ಅದೇ ಸೀಮೆಯಲ್ಲಿ ಶಿಂಗ್‌ಲಾಂಗ್ವಾ ಎಂಬ ಸಂಸ್ಕೃತಿ ಇತ್ತು. ಅವರು ಜೇಡ್‌ನಲ್ಲಿ ಕಿವಿಯ ಓಲೆ ಮಾಡುತ್ತಿದ್ದರು. ಸುಮ್ನೆ ಒಂದು ಉಂಗುರ, ಅದರಲ್ಲಿ ಒಂದು ಸೀಳು. ಅಷ್ಟೇ. ಹಂದಿ ಡ್ರ್ಯಾಗನ್ ಮಾಡುವ ಕ್ರಮವೂ ಅದೇ. ದಪ್ಪ ಬಿಲ್ಲೆ ಮಾಡು, ನಡುವೆ ತೂತು ಕೊರೆ, ಹೊರಗಿನಿಂದ ತೂತಿನವರೆಗೆ ಒಂದು ಸೀಳು ಕೊಯ್ಯಿ. ಸೀಳಿನ ಒಂದು ಬದಿ ಬಾಲ, ಇನ್ನೊಂದು ಬದಿ ತಲೆ. ಎಷ್ಟೋ ತುಂಡುಗಳಲ್ಲಿ ಸೀಳು ಪೂರ್ತಿ ದಾಟಿಯೇ ಇಲ್ಲ, ಒಳಗಡೆ ಗದ್ದವೂ ಬಾಲವೂ ಅಂಟಿಕೊಂಡೇ ಇವೆ. ಓಲೆಗೆ ಮುಖ ಬಂದರೆ ಅದೇ ಡ್ರ್ಯಾಗನ್. ಪ್ರಾಣಿಯನ್ನು ನೋಡಿ ಕಲ್ಲಿಗೆ ಇಳಿಸಿದರು ಅನ್ನುವುದಕ್ಕಿಂತ, ಮರಳು ಮತ್ತು ದಾರ ಬಿಟ್ಟುಕೊಟ್ಟ ಆಕಾರದೊಳಗೆ ಒಂದು ಪ್ರಾಣಿಯನ್ನು ಕಂಡರು ಎಂದೇ ನನಗನ್ನಿಸುತ್ತದೆ.

ನಿಮ್ಮ ಸಿ ಡ್ರ್ಯಾಗನ್ ಇದೇ ವಿದ್ಯೆಯ ತುತ್ತತುದಿ. ಮೂಲವನ್ನು ಹತ್ತಿರದಿಂದ ನೋಡಿದರೆ ಮೈ ದುಂಡು ಸರಳಿನ ಹಾಗೆ, ಒಂದೂ ಗೆರೆ ಇಲ್ಲ. ಬಾಯಿ ಮುಚ್ಚಿದೆ. ಮೂತಿಯ ತುದಿ ಕತ್ತರಿಸಿದ ಹಾಗೆ ಚಪ್ಪಟೆ, ಅದರಲ್ಲಿ ಎರಡು ಮೂಗಿನ ಹೊಳ್ಳೆ. ಕಣ್ಣು ಉದ್ದಕ್ಕೆ ಎಳೆದಂತಿದೆ. ಗದ್ದದ ಕೆಳಗೆ, ಹಣೆಯ ಮೇಲೆ ಮಾತ್ರ ಬಲೆಯಂತೆ ಸಣ್ಣ ಗೆರೆಗಳು. ಕತ್ತಿನ ಹಿಂದೆ 21 ಸೆಂಟಿಮೀಟರ್ ಉದ್ದದ ಜೂಲು ಗಾಳಿಗೆ ಹಾರಿದಂತೆ ಎದ್ದಿದೆ. ಆ ಜೂಲನ್ನು ಎರಡೂ ಕಡೆಯಿಂದ ತೇಯ್ದು ಅಂಚಿನಲ್ಲಿ ತೆಳ್ಳಗೆ, ನಡುವೆ ತುಸು ತಗ್ಗಾಗಿ ಬಿಟ್ಟಿದ್ದಾರೆ. ಇಷ್ಟು ಉದ್ದದ ತೆಳು ಅಂಚು ತೇಯುವಾಗ ಕೈ ಒಂದು ಸಲ ತಪ್ಪಿದ್ದರೂ ಅಷ್ಟು ದಿನದ ಕೆಲಸ ಹೋಯಿತು. ಬೆನ್ನಿನ ತೂತು ಡಮರುವಿನ ಆಕಾರ, ಎರಡು ಬಾಯಿಯಲ್ಲಿ ಅಗಲ, ನಡುವೆ ಇಕ್ಕಟ್ಟು. ಎರಡು ಕಡೆಯಿಂದ ಕೊರೆದು ನಡುವೆ ಕೂಡಿಸಿದ್ದಕ್ಕೆ ಹಾಗೆ. ಆ ತೂತಿಗೆ ದಾರ ಹಾಕಿ ತೂಗಿಸಿದರೆ ತಲೆಯೂ ಬಾಲವೂ ಒಂದೇ ಮಟ್ಟಕ್ಕೆ ನಿಲ್ಲುತ್ತವೆ. ತಕ್ಕಡಿ ಇಲ್ಲದ ಕಾಲದಲ್ಲಿ ಈ ಅಳತೆ ಹಿಡಿದವನಿಗೆ ಕೈಮುಗಿಯಬೇಕು.

ಹಾಗಾದರೆ ಇದು ಡ್ರ್ಯಾಗನ್ ಹೌದೋ ಅಲ್ಲವೋ? ಹೆಸರಿಟ್ಟವರು 20ನೇ ಶತಮಾನದವರು. ಹಾಂಗ್‌ಶಾನ್ ಜನರಿಗೆ ಬರಹ ಇರಲಿಲ್ಲ. ‘ಲಾಂಗ್’ ಎಂಬ ಅಕ್ಷರ ನಮಗೆ ಮೊದಲು ಕಾಣುವುದು ಚೀನಾದ ಆನ್ಯಾಂಗ್ ಎಂಬ ಊರಿನಲ್ಲಿ ಸಿಕ್ಕ ಎಲುಬು, ಆಮೆಚಿಪ್ಪಿನ ಬರಹಗಳಲ್ಲಿ, ಕ್ರಿ.ಪೂ. 1200ರ ಹೊತ್ತಿಗೆ. ದೊಡ್ಡ ತಲೆ, ಅದರ ಮೇಲೊಂದು ಕೊಂಬು, ಬಳುಕಿದ ಮೈ. ಅಷ್ಟರಲ್ಲಿ ಹಾಂಗ್‌ಶಾನ್ ಮುಗಿದು ಒಂದೂವರೆ ಸಾವಿರ ವರ್ಷಕ್ಕೂ ಮೇಲಾಗಿತ್ತು. ಅಕ್ಷರದ ಆಕಾರ ಹಂದಿ ಡ್ರ್ಯಾಗನ್‌ಗೆ ಹೋಲುತ್ತದೆ ಎನ್ನುವವರಿದ್ದಾರೆ. ಇನ್ನೊಂದು ಕಡೆ, ನಿಯುಹೆಲಿಯಾಂಗ್ ಅಗೆದವರಲ್ಲೇ ಒಬ್ಬರಾದ ಗುವೊ ದಾಶುನ್ ‘ಇದು ಹಂದಿಯಲ್ಲ, ಕರಡಿ’ ಎಂದರು. ಅಲ್ಲಿಯ ಗುಡಿಯಲ್ಲಿ ಮಣ್ಣಿನಲ್ಲಿ ಮಾಡಿದ ಕರಡಿಯ ಪಾದಗಳು ಸಿಕ್ಕಿವೆ, ಹಾಗಾಗಿ ಆ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ದುಂಡು ಕಿವಿ ನೋಡಿದಾಗ ಕರಡಿ ಮರಿಯೇ ಸರಿ ಅನ್ನಿಸುತ್ತದೆ. ಸಿ ಆಕಾರದ್ದಕ್ಕೆ ಜೂಲು ಇರುವುದರಿಂದ ಅದು ಬೇರೆಯೇ ಜೀವ.

ರೆಕ್ಕೆ, ಬೆಂಕಿ ಹುಡುಕಬೇಡಿ. ಅದು ಯುರೋಪಿನ ಪ್ರಾಣಿ. ಕನ್ನಡ ಬೈಬಲಿನಲ್ಲಿ ಅದಕ್ಕೆ ‘ಘಟಸರ್ಪ’ ಎನ್ನುತ್ತಾರೆ, ಕೆಡುಕಿನ ಮೂರ್ತಿ. ಚೀನಾದ ಲಾಂಗ್ ನೀರಿನದು, ಮಳೆಯದು. ಬೌದ್ಧ ಗ್ರಂಥಗಳು ಇಲ್ಲಿಂದ ಅಲ್ಲಿಗೆ ಹೋದಾಗ ಅನುವಾದಕರು ನಮ್ಮ ‘ನಾಗ’ ಶಬ್ದಕ್ಕೆ ‘ಲಾಂಗ್’ ಅಂತಲೇ ಬರೆದರು. ಹಾಗಾಗಿ ಅವರ ಡ್ರ್ಯಾಗನ್ ರಾಜನೊಳಗೆ ನಮ್ಮ ನಾಗರಾಜನೂ ಸ್ವಲ್ಪ ಇದ್ದಾನೆ.

ಮುಂದಿನ ಕಾಲದ ಜೇಡ್ ಡ್ರ್ಯಾಗನ್‌ಗಳ ಬಗ್ಗೆ ನೀವು ಕೇಳಿಲ್ಲ. ಆದರೂ ಕೆಲವು ಗೋರಿಗಳ ವಿಷಯ ಹೇಳದೆ ಬಿಡಲಾರೆ.

1976ರಲ್ಲಿ ಆನ್ಯಾಂಗ್‌ನಲ್ಲಿ ಝೆಂಗ್ ಝೆನ್‌ಶಿಯಾಂಗ್ ಎಂಬ ಮಹಿಳೆಯ ನೇತೃತ್ವದಲ್ಲಿ ಒಂದು ಗೋರಿ ಅಗೆದರು. ಕಳ್ಳರ ಕೈ ತಾಗದ ಗೋರಿ. ಶಾಂಗ್ ವಂಶದ ದೊರೆ ವು ಡಿಂಗ್‌ನ ರಾಣಿ ಫು ಹಾವೊಳದು, ಕ್ರಿ.ಪೂ. 1200ರ ಸುಮಾರಿನದು. ಒಳಗಿದ್ದ ಜೇಡ್ ವಸ್ತುಗಳು 755. ಅವುಗಳಲ್ಲಿ ಡ್ರ್ಯಾಗನ್‌ಗಳೂ ಇದ್ದವು, ತಲೆಯ ಮೇಲೆ ಅಣಬೆಯಂಥ ಕೊಂಬು, ಮೈಮೇಲೆ ವಜ್ರಾಕೃತಿಯ ಚಿತ್ತಾರ. ನನಗೆ ಅದಕ್ಕಿಂತ ಹೆಚ್ಚು ಕುತೂಹಲದ್ದು, ಆ ರಾಶಿಯಲ್ಲಿ ಅವಳ ಕಾಲದ್ದಲ್ಲದ ಹಳೆಯ ತುಂಡುಗಳೂ ಇದ್ದದ್ದು. ಹಾಂಗ್‌ಶಾನ್‌ನದು ಎಂದು ತಜ್ಞರು ಗುರುತಿಸಿದ ಒಂದು ಕೊಕ್ಕೆಯೂ ಇದೆ. ಅಂದರೆ 3200 ವರ್ಷದ ಹಿಂದೆಯೇ ರಾಣಿಯೊಬ್ಬಳ ಹತ್ತಿರ ಪುರಾತನ ವಸ್ತುಗಳ ಸಂಗ್ರಹ ಇತ್ತು! ಶಾನ್‌ಶಿ ಪ್ರಾಂತ್ಯದ ಹಾನ್‌ಚೆಂಗ್ ಹತ್ತಿರ ಲಿಯಾಂಗ್‌ದಾಯ್‌ಚುನ್‌ನಲ್ಲಿ ಇನ್ನೂ ಸೊಗಸು. ರುಯ್ ಎಂಬ ಚಿಕ್ಕ ರಾಜ್ಯದ ಅರಸಿಯ ಗೋರಿ, ಕ್ರಿ.ಪೂ. 700ರ ಆಸುಪಾಸಿನದು. ಅದರಲ್ಲಿ ಸಿಕ್ಕಿದ್ದು ಅಪ್ಪಟ ಹಾಂಗ್‌ಶಾನ್ ಹಂದಿ ಡ್ರ್ಯಾಗನ್. ಅವಳ ಕೈಗೆ ಬರುವ ಹೊತ್ತಿಗೇ ಅದಕ್ಕೆ ಎರಡು ಸಾವಿರ ವರ್ಷ ದಾಟಿತ್ತು. ಅದನ್ನು ಏನೆಂದು ಕರೆದಳೋ!

ಇನ್ನೊಂದು ಹುಬೆಯ್ ಪ್ರಾಂತ್ಯದ ಸುಯ್‌ಝೌನಲ್ಲಿ 1978ರಲ್ಲಿ ತೆರೆದ ತ್ಸೆಂಗ್ ರಾಜ್ಯದ ದೊರೆ ಯಿಯ ಗೋರಿ, ಕ್ರಿ.ಪೂ. 433ರ ಹೊತ್ತಿನದು. ಕಂಚಿನ ಗಂಟೆಗಳಿಂದ ಹೆಸರಾಯಿತು, ಜೇಡ್ ಕಡೆ ನೋಡುವವರು ಕಡಿಮೆ. ನೋಡಬೇಕು. 16 ಕೊಂಡಿಗಳ ಒಂದು ಮಾಲೆ ಇದೆ, 48 ಸೆಂಟಿಮೀಟರ್ ಉದ್ದ. ಬರೀ ಐದು ಜೇಡ್ ತುಂಡುಗಳಿಂದ ಅಷ್ಟನ್ನೂ ತೆಗೆದಿದ್ದಾರೆ. ಕೆಲವು ಕೊಂಡಿಗಳು ಒಂದೇ ಕಲ್ಲಿನಲ್ಲಿ ಕೊರೆದ, ಸಡಿಲವಾಗಿ ಆಡುವ ಬಳೆಗಳಿಂದ ಸೇರಿಕೊಂಡಿವೆ. ಮಡಚಬಹುದು. ಅದರ ಮೇಲೆಲ್ಲ ಡ್ರ್ಯಾಗನ್, ಹಕ್ಕಿ, ಹಾವು. ಎಣಿಸಿದವರು ಡ್ರ್ಯಾಗನ್‌ಗಳೇ 37 ಎನ್ನುತ್ತಾರೆ. ಮೈ ಈಗ ಸಿ ಅಲ್ಲ, ಹಾವಿನಂತೆ ಬಳುಕುವ ಎಸ್. ಆ ಹೊತ್ತಿಗೆ ಚೀನಾದಲ್ಲಿ ಕಬ್ಬಿಣ ಬಂದಿತ್ತು, ಸಲಕರಣೆ ಚುರುಕಾಗಿತ್ತು. ಕೈಗೆ ಸ್ವಾತಂತ್ರ್ಯ ಬಂದ ಹಾಗೆ ಡ್ರ್ಯಾಗನ್‌ಗೂ ಬಂತು. ಆದರೆ ಸವೆಸುತ್ತಿದ್ದದ್ದು ಆಗಲೂ ಮರಳೇ. ಕಬ್ಬಿಣ ಮರಳನ್ನು ಒತ್ತಿ ಹಿಡಿಯುವ ಕೈ, ಅಷ್ಟೇ.

ಮುಂದೆ ಹಾನ್ ರಾಜವಂಶದ ಕಾಲದಲ್ಲಿ ಜಾಲರಿ ಕೆಲಸ ಇನ್ನೂ ಮೇಲೆ ಹೋಯಿತು. ಗುವಾಂಗ್‌ಝೌನಲ್ಲಿ 1983ರಲ್ಲಿ ಸಿಕ್ಕ ನಾನ್ಯುಯೆ ದೊರೆ ಝಾವೊ ಮೊನ ಗೋರಿಯ ಒಂದು ಬಿಲ್ಲೆ ನೋಡಿ. ಸುತ್ತಳತೆಯಲ್ಲ, ಅಡ್ಡಳತೆ 10.6 ಸೆಂಟಿಮೀಟರ್. ಒಳಬಳೆಯಲ್ಲಿ ಡ್ರ್ಯಾಗನ್, ಅದರ ಒಂದು ಪಂಜ ಬಳೆ ದಾಟಿ ಹೊರಗೆ ಬಂದಿದೆ. ಆ ಪಂಜದ ಮೇಲೆ ಒಂದು ಹಕ್ಕಿ ನಿಂತು ಹಿಂದಿರುಗಿ ಡ್ರ್ಯಾಗನ್ ಮುಖವನ್ನೇ ನೋಡುತ್ತಿದೆ. ಏನೋ ಮಾತಾಡುತ್ತಿವೆ ಅನ್ನಿಸುತ್ತದೆ. ಅಲ್ಲಿಯ ಮ್ಯೂಸಿಯಂ ಇದನ್ನೇ ತನ್ನ ಲಾಂಛನ ಮಾಡಿಕೊಂಡಿದೆ.

ಬೀದಿಯಲ್ಲಿ ಎಳೆದಾಡಿದ ಡ್ರ್ಯಾಗನ್ ಕತೆ ಕೇಳಿ ನಕ್ಕಿರಾ? ಇನ್ನೊಂದು ಇದೆ. ಮಂಗೋಲ್ ದೊರೆ ಕುಬ್ಲಾಯ್ ಖಾನ್ 1265ರಲ್ಲಿ ಮದ್ಯ ತುಂಬಿಸಲು ಒಂದೇ ಕಲ್ಲಿನ ದೊಡ್ಡ ಜೇಡ್ ಬಾನಿ ಮಾಡಿಸಿದ. ತೂಕ ಸುಮಾರು 3500 ಕಿಲೋ. ಹೊರಮೈ ತುಂಬ ಅಲೆಗಳು, ಅಲೆಗಳ ನಡುವೆ ಡ್ರ್ಯಾಗನ್ ಮತ್ತು ಕಡಲಿನ ಪ್ರಾಣಿಗಳು. ಅವನ ವಂಶ ಹೋಯಿತು, ಬಾನಿ ಎಲ್ಲೆಲ್ಲೋ ಹೋಗಿ ಬೀಜಿಂಗಿನಲ್ಲಿ ದಾವ್ ಪಂಥದ ಒಂದು ಗುಡಿಗೆ ಸೇರಿತು. ಗುಡಿಯವರು ಅದರಲ್ಲಿ ತರಕಾರಿ ಉಪ್ಪಿನಕಾಯಿ ಹಾಕುತ್ತಿದ್ದರು. 18ನೇ ಶತಮಾನದಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿ ಹಣ ಕೊಟ್ಟು ಬಿಡಿಸಿಕೊಂಡು ಬಂದ. ಬಂದವನು ಸುಮ್ನಿರಲಿಲ್ಲ, ಕುಶಲಕರ್ಮಿಗಳಿಂದ ಮತ್ತೆ ಮತ್ತೆ ತಿದ್ದಿಸಿದ. ಈಗ ಬೆಯ್‌ಹಾಯ್ ಉದ್ಯಾನದ ದುಂಡುಕೋಟೆಯಲ್ಲಿದೆ. ಉಪ್ಪಿನಕಾಯಿ ಅದಕ್ಕೆ ಏನೂ ಮಾಡಲಿಲ್ಲ. ಚಕ್ರವರ್ತಿಯ ತಿದ್ದುಪಡಿಯೇ ಜಾಸ್ತಿ ಹಾನಿ ಮಾಡಿತು ಎಂದು ನನ್ನ ದೂರು.

ಈಗ ನಿಮ್ಮ ತುಂಡಿಗೆ ಬರೋಣ. ಹಾಂಗ್‌ಶಾನ್ ಹೆಸರಾದ ದಿನದಿಂದ ನಕಲುಗಳಿಗೆ ಲೆಕ್ಕವಿಲ್ಲ. ನಿಜವಾದದ್ದು ಈಗಲೂ ಮಣ್ಣಿನಿಂದ ಏಳುತ್ತಿದೆ. ಚಿಫೆಂಗ್‌ನ ಯುವಾನ್‌ಬಾವೊಶಾನ್‌ನಲ್ಲಿ ಸಿಕ್ಕ ಹಂದಿ ಡ್ರ್ಯಾಗನ್ ಸುದ್ದಿ 2024ರಲ್ಲಿ ಹೊರಬಂತು. 15.8 ಸೆಂಟಿಮೀಟರ್, ಉತ್ಖನನದಲ್ಲಿ ಸಿಕ್ಕವುಗಳಲ್ಲಿ ಅದೇ ದೊಡ್ಡದು. ಅಂಥವು ಸಿಕ್ಕ ದಿನವೇ ಸರ್ಕಾರದ ಲೆಕ್ಕಕ್ಕೆ ಹೋಗುತ್ತವೆ, ಅಂಗಡಿಗೆ ಬರುವುದಿಲ್ಲ.

ಕಲ್ಲು ಯಾವುದು ಎಂದು ನೀವೇ ನೋಡಬಹುದು. ಕಣ್ಣಿಗೆ ಬೀಳದ ಜಾಗದಲ್ಲಿ, ಬಾಲದ ಒಳಬದಿಯಲ್ಲಿ, ಮಾಮೂಲಿ ಅಡುಗೆ ಚಾಕುವಿನ ತುದಿಯಿಂದ ಸಣ್ಣಗೆ ಗೀರಿ. ಗೀರು ಬಿದ್ದು ಬಿಳಿ ಪುಡಿ ಎದ್ದರೆ ಅದು ಸರ್ಪೆಂಟೈನ್‌ನಂಥ ಮೆದು ಕಲ್ಲು. ಲಿಯಾವೊನಿಂಗ್‌ನ ಶಿಯುಯಾನ್‌ನಲ್ಲಿ ನೆಫ್ರೈಟ್ ಕೂಡ ಸಿಗುತ್ತದೆ, ಸರ್ಪೆಂಟೈನ್ ಕೂಡ ಸಿಗುತ್ತದೆ. ಅಂಗಡಿಯಲ್ಲಿ ಎರಡಕ್ಕೂ ಜೇಡ್ ಎಂದೇ ಹೆಸರು. ಬೀಳದಿದ್ದರೆ ನೆಫ್ರೈಟ್ ಆಗಿರಬಹುದು, ಬೆಣಚಿನ ಜಾತಿಯ ಬೇರೆ ಕಲ್ಲೂ ಆಗಿರಬಹುದು. (ಈ ಚಾಕು ಪರೀಕ್ಷೆ ನಿಮ್ಮ ಸ್ವಂತ ವಸ್ತುವಿಗೆ ಮಾತ್ರ. ಬೇರೆಯವರ ಮನೆಯ ಹಳೆಯ ವಸ್ತುವಿಗೆ ಚಾಕು ಹಿಡಿದು ನನ್ನ ಹೆಸರು ಹೇಳಬೇಡಿ.) ಇದು ಅನುಭವದ ಮಾತು. ಪ್ರವಾಸಕ್ಕೆ ಹೋದಲ್ಲಿ ಒಂದು ಅಂಗಡಿಯಲ್ಲಿ ‘ಅಪ್ಪಟ ಜೇಡ್’ ಬಳೆ ಕೊಂಡು ತಂದು ಮನೆಯಲ್ಲಿ ಜಂಬದಿಂದ ಚಾಕು ಎಳೆದು ತೋರಿಸಿದೆ. ಸೀಮೆಸುಣ್ಣದ ಗೆರೆ ಬಿದ್ದ ಹಾಗೆ ಬಿತ್ತು. ಕಲ್ಲಿನ ವಿಷಯ ಓದಿಕೊಂಡವನು ನಾನು! ಹೆಂಡತಿ ಈಗಲೂ ಆ ಬಳೆ ಹಾಕಿಕೊಳ್ಳುತ್ತಾಳೆ, ನೆಂಟರು ಬಂದರೆ ಗೀರು ಇರುವ ಬದಿಯನ್ನೇ ಮೇಲೆ ಮಾಡಿ.

ಆಮೇಲೆ ಒಂದು ಬೂತಗನ್ನಡಿ ತೆಗೆದುಕೊಂಡು ತೂತನ್ನು ನೋಡಿ. ನಲ್ಲಿಯ ಹಾಗೆ ಒಂದೇ ಅಗಲವಾಗಿ ನೆಟ್ಟಗೆ ಹೋಗಿದ್ದರೆ ಕರೆಂಟಿನ ಡ್ರಿಲ್. ಡಮರುವಿನ ಹಾಗೆ ಇದ್ದರೆ ನಕಲು ಮಾಡಿದವನು ಕೆಲಸ ಕಲಿತವನು. ಕಣ್ಣಿನ ಗೆರೆಗಳನ್ನೂ ನೋಡಿ. ವಿದ್ಯುತ್ ಚಕ್ರದ ಗೆರೆ ಉದ್ದಕ್ಕೂ ಒಂದೇ ಸಮ, ಒಳಗೆ ಚೂಪು. ಕೈಯಲ್ಲಿ ತೇಯ್ದ ಗೆರೆಯ ಅಂಚು ಮೆತ್ತಗೆ ಇಳಿದು, ಎಲ್ಲಿ ಶುರುವಾಯಿತು ಎಂದು ಬೆರಳಿಗೂ ಸರಿಯಾಗಿ ತಿಳಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ತೂತಿಗೊಂದು ಗಟ್ಟಿ ದಾರ ಹಾಕಿ ಕಿಟಕಿಯ ಸರಳಿಗೆ ತೂಗಿಬಿಡಿ. ಅಲುಗಾಡುವುದು ನಿಲ್ಲುವವರೆಗೆ ಕಾಯಿರಿ. ತಲೆ, ಬಾಲ ಎರಡೂ ಒಂದೇ ಮಟ್ಟಕ್ಕೆ ನಿಂತವೋ ನೋಡಿ ನನಗೂ ಒಂದು ಸಾಲು ಬರೆಯಿರಿ.